ತಂಗಿಯ ಎಡೆಗೆ ಮೂರು ಪದರ

ನಮ್ಮ ಮನೆಯಲ್ಲಿ ಬದುಕಿರುವವರ ಚಟಗಳಿಗಿಂತ ಸತ್ತವರ ಚಟಗಳಿಗೆ ಮರ್ಯಾದೆ ಹೆಚ್ಚು. ಪಿತೃಪಕ್ಷದ ಅಮಾವಾಸ್ಯೆಯ ದಿನ ಹೋದವರ ಫೋಟೋಗಳನ್ನು ನಡುಮನೆಯ ಗೋಡೆಗೆ ಒರಗಿಸಿ, ಮುಂದೆ ಬಾಳೆ ಎಲೆ ಹಾಸಿ ಎಡೆ ಇಡುತ್ತೇವೆ. ಅನ್ನ, ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಎಲ್ಲರಿಗೂ ಸಮ. ಎಲೆಯ ಪಕ್ಕದಲ್ಲಿ ಮಾತ್ರ ಅವರವರ ಪ್ರೀತಿಯದು ಒಂದೊಂದು. ತಾತನಿಗೆ ಒಂದು ಕಟ್ಟು ಬೀಡಿ, ಸಣ್ಣ ಲೋಟದಲ್ಲಿ ಬ್ರಾಂದಿ. ಅಜ್ಜಿಗೆ ನಶ್ಯದ ಡಬ್ಬಿ. ಬದುಕಿದ್ದಾಗ ಆ ನಶ್ಯಕ್ಕಾಗಿ ಅಜ್ಜಿಯನ್ನು ಬೈಯದವರೇ ಇರಲಿಲ್ಲ. ಈಗ ಅದನ್ನು ಮರೆತರೆ ಮನೆಯಲ್ಲಿ ರಂಪವಾಗುತ್ತದೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗುಲಿಯಲ್ಲಿ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನಾವು ಊಟಕ್ಕೆ ಕೂರುತ್ತೇವೆ.

ಕಳೆದ ಪಕ್ಷದಲ್ಲಿ ಆ ಗೋಡೆಗೆ ನನ್ನ ತಂಗಿಯ ಫೋಟೋ ಸೇರಿತು. ಮನೆಯಲ್ಲಿ ಎಲ್ಲರಿಗಿಂತ ಕಿರಿಯವಳು ಹಿರಿಯರ ಸಾಲಿಗೆ ಹೋಗಿ ಕೂತಳು. ಅವಳಿಗೆ ಇಪ್ಪತ್ತೊಂಬತ್ತು ವರ್ಷ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಡೆಂಗೆ ಜ್ವರ ಬಂದು ಐದನೆಯ ದಿನಕ್ಕೆ ಹೋಗಿಬಿಟ್ಟಳು. ಮೂರನೆಯ ದಿನ ಅವಳ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಫೋನ್ ಮಾಡಿದಾಗಲೇ ಅವಳಿಗೆ ಹುಷಾರಿಲ್ಲ ಎನ್ನುವುದು ನಮಗೆ ತಿಳಿದದ್ದು. ನಾವಿರುವುದು ಕಾಡುಗೋಡಿಯಲ್ಲಿ, ಅವಳಿದ್ದದ್ದು ಹೆಬ್ಬಗೋಡಿಯಲ್ಲಿ. ಒಂದೇ ಊರು ಎಂದು ಹೆಸರು, ನಡುವೆ ಅರ್ಧ ದಿನದ ದಾರಿ. ಅವಳು ಬಾರ್‌ಟೆಂಡರ್ ಆಗಿದ್ದಳು.

ಈ ಪದವನ್ನು ಹೀಗೆ ನೆಟ್ಟಗೆ ಬರೆಯುವುದಕ್ಕೆ ನನಗೆ ಅವಳು ಸಾಯಬೇಕಾಯಿತು. ಬದುಕಿದ್ದಾಗ ನಾವು ‘ಹೋಟೆಲ್ ಕೆಲಸ’ ಎನ್ನುತ್ತಿದ್ದೆವು. ನಾನು ಹೈಸ್ಕೂಲು ಟೀಚರ್; ಸ್ಟಾಫ್ ರೂಮಿನಲ್ಲಿ ಕೇಳಿದರೆ ‘ರಿಸೆಪ್ಷನ್’ ಎನ್ನುತ್ತಿದ್ದೆ. ಅವಳು ಹೋಟೆಲ್ ಕೋರ್ಸು ಓದುವಾಗ ಅಪ್ಪ ಖುಷಿಯಾಗಿಯೇ ಇದ್ದರು. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ರೆಸ್ಟೋರೆಂಟಿನಲ್ಲಿ ಕೆಲಸ ಸಿಕ್ಕಿದಾಗ ಊರಿಗೆಲ್ಲ ಮೈಸೂರು ಪಾಕು ಹಂಚಿದರು. ಆಮೇಲೊಂದು ದಿನ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಕಪ್ಪು ಏಪ್ರನ್ ತೊಟ್ಟು, ಕೂದಲನ್ನು ಎತ್ತಿ ಕಟ್ಟಿ, ಸ್ಟೀಲಿನ ಡಬ್ಬಿಯನ್ನು ಭುಜದ ಮೇಲೆ ಹಿಡಿದು ಕುಲುಕುತ್ತಿರುವ ನನ್ನ ತಂಗಿ. ಹಿಂದೆ ಬಾಟಲಿಗಳ ಸಾಲು. ಕಳಿಸಿದವರು ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಬಾರ್ ಎಂದರೆ ಹಸಿರು ಟ್ಯೂಬ್‌ಲೈಟು, ನೆನೆಸಿದ ಕಡಲೆಕಾಳು, ಪರದೆ. ಅಲ್ಲಿ ಹೆಂಗಸು ಎಂದರೆ ಒಂದೇ ಅರ್ಥ.

ಅಪ್ಪ ಮಾತು ಬಿಟ್ಟರು. ನಾಲ್ಕು ವರ್ಷ. ಅವರೇನು ಕುಡಿಯದ ಮನುಷ್ಯರಲ್ಲ. ಶನಿವಾರ ಬಂದರೆ ಅವರ ಕ್ವಾರ್ಟರ್ ಬಾಟಲಿ ಹೂವಿನ ಕುಂಡದ ಹಿಂದೆ ಬಂದು ಕೂರುತ್ತದೆ. ಅಪ್ಪ ಕುಡಿಯಬಹುದು, ಮಗಳು ಲೋಟಕ್ಕೆ ಸುರಿಯಬಾರದು. ಇದರಲ್ಲಿರುವ ತಮಾಷೆ ಆಗ ನನಗೂ ಕಾಣಲಿಲ್ಲ. ಹೊಲವಿದ್ದ ಜಾಗದಲ್ಲಿ ಅಪ್ಪ ಕಟ್ಟಿಸಿದ ಹನ್ನೆರಡು ಬಾಡಿಗೆ ರೂಮುಗಳಿವೆ. ಒಡಿಶಾದ ಸೆಕ್ಯುರಿಟಿ ಗಾರ್ಡ್, ಆಂಧ್ರದ ನರ್ಸುಗಳು, ಇದೇ ರಸ್ತೆಯ ಬಾರಿನಲ್ಲಿ ಮೇಜು ಒರೆಸುವ ಸಪ್ಲೈಯರ್, ಎಲ್ಲರಿಗೂ ರೂಮು ಕೊಟ್ಟರು. ಮಗಳು ಮಾತ್ರ ಹೆಬ್ಬಗೋಡಿಯಲ್ಲಿ ಯಾರದೋ ಮನೆಯ ಮೇಲಿನ ತಗಡಿನ ರೂಮಿಗೆ ಬಾಡಿಗೆ ಕಟ್ಟಿಕೊಂಡಿದ್ದಳು. ಅಮ್ಮ ಕದ್ದು ಫೋನ್ ಮಾಡುತ್ತಿದ್ದಳು. ಊಟ ಆಯಿತಾ, ಮೈಗೆ ಹುಷಾರಾ, ಅಷ್ಟೇ. ಕೆಲಸದ ಮಾತು ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದರಂತೆ.

ನಾನು ಮಾಡಿದ್ದು ಅಪ್ಪ ಮಾಡಿದ್ದಕ್ಕಿಂತ ಕೀಳು. ಅದನ್ನೂ ಹೇಳಿಬಿಡುತ್ತೇನೆ. ಅಪ್ಪನ ಮನೆಯ ಮೇಲಿನ ಮಹಡಿಯಲ್ಲೇ ನನ್ನ ಸಂಸಾರ. ಒಂದು ಭಾನುವಾರ ಮಧ್ಯಾಹ್ನ, ಅಪ್ಪ ಅಮ್ಮ ಮದುವೆಗೆ ಹೋಗಿದ್ದಾಗ, ತಂಗಿ ಬಂದಳು. ಭುಜದ ಚೀಲದಲ್ಲಿ ಟವೆಲಿನಲ್ಲಿ ಸುತ್ತಿದ ಮೂರು ಬಾಟಲಿ, ದಪ್ಪ ತಳದ ಪುಟ್ಟ ಗಾಜಿನ ಲೋಟ.

“ಅಕ್ಕ, ನಾನೇನ್ ಕೆಲ್ಸ ಮಾಡ್ತೀನಿ ಅಂತ ನೋಡ್ಲೇ ಇಲ್ವಲ್ಲ ನೀನು. ಇವತ್ತು ತೋರಿಸ್ತೀನಿ ಕೂತ್ಕೋ. ತುಪ್ಪದ ಚಮಚ ಕೊಡು.”

ನಾನು ಮೊದಲು ಹೋಗಿ ಕಿಟಕಿ ಹಾಕಿದೆ. ಅವಳು ಅದನ್ನು ನೋಡಿ ನಕ್ಕಳು. ಆಮೇಲೆ ನನ್ನ ಗ್ರಾನೈಟ್ ಕಟ್ಟೆಯ ಮೇಲೆ ಕೆಲಸ ಶುರುಮಾಡಿದಳು. ತಳಕ್ಕೆ ಕಾಫಿಯ ಮದ್ಯ, ಎಣ್ಣೆಯಂತೆ ಕಪ್ಪಗೆ, ಮಂದವಾಗಿ. ಅದರ ಮೇಲೆ ತುಪ್ಪದ ಚಮಚವನ್ನು ಬೋರಲಾಗಿ ಹಿಡಿದು, ತುದಿಯನ್ನು ಗಾಜಿನ ಒಳಮೈಗೆ ತಾಗಿಸಿ, ಚಮಚದ ಬೆನ್ನ ಮೇಲೆ ಕೆನೆಯ ಮದ್ಯವನ್ನು ಎಳೆಯಷ್ಟು ಸಣ್ಣಗೆ ಬಿಟ್ಟಳು. ಅದು ಕಪ್ಪಿನ ಮೇಲೆ ಹರಡಿ ನಿಂತಿತು. ಮೇಲಿನ ಪದರಕ್ಕೆ ಕಿತ್ತಳೆ ವಾಸನೆಯ ಬ್ರಾಂದಿ, ಜೇನಿನ ಬಣ್ಣದ್ದು. ಬಿಡುವಾಗ ಉಸಿರನ್ನೂ ಹಿಡಿದಿದ್ದಳು. ಚಿಕ್ಕವಳಿದ್ದಾಗ ರಂಗೋಲಿಯ ಎಳೆ ಎಳೆಯುವಾಗ ಹೀಗೇ ನಾಲಿಗೆಯನ್ನು ತುಟಿಯ ಮೂಲೆಗೆ ತರುತ್ತಿದ್ದಳು.

“ಸುರೀಬಾರ್ದು ಅಕ್ಕ, ಮಲಗಿಸ್ಬೇಕು. ಮಗೂನ ತೊಟ್ಟಿಲಿಗೆ ಹಾಕ್ತೀವಲ್ಲ, ಅಷ್ಟು ಮೆತ್ತಗೆ. ಸಕ್ಕರೆ ಜಾಸ್ತಿ ಇರೋದು ಭಾರ, ಅದು ಕೆಳಗೆ. ಕಮ್ಮಿ ಇರೋದು ಮೇಲೆ. ಅವ್ರವ್ರ ಜಾಗದಲ್ಲಿ ಅವ್ರನ್ನ ಮಲಗಿಸಿದ್ರೆ ಜಗಳಾನೇ ಆಡಲ್ಲ.”

ಲೋಟವನ್ನು ಬೆಳಕಿಗೆ ಹಿಡಿದಳು. ಕಪ್ಪು, ಕೆನೆ, ಜೇನು. ನಡುವಿನ ಗೆರೆಗಳು ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗಿದ್ದವು. ನಿಜ ಹೇಳುತ್ತೇನೆ, ನನಗೆ ಚೆಂದ ಕಂಡಿತು. ಚೆಂದ ಕಂಡಿತು ಎನ್ನುವುದಕ್ಕೇ ಸಿಟ್ಟು ಬಂತು. ಅವಳು ಲೋಟವನ್ನು ನನ್ನ ಮುಂದಿಟ್ಟು, “ನಿಂಗೇ ಮಾಡಿದ್ದು, ಒಂದೇ ಗುಟುಕು,” ಎಂದಳು.

“ಇದನ್ನ ಕುಡ್ಸೋದಕ್ಕಾ ಅಪ್ಪ ನಿನ್ನ ಓದಿಸಿದ್ದು? ಎತ್ಕೊಂಡ್ ಹೋಗೇ, ನನ್ನ ಅಡುಗೆಮನೆ ಇದು,” ಎಂದೆ ನಾನು.

ಅವಳು ಲೋಟವನ್ನು ಸಿಂಕಿಗೆ ಬಗ್ಗಿಸಿದಳು. ಸ್ವಲ್ಪವೂ ಅವಸರವಿಲ್ಲದೆ ನಲ್ಲಿ ತಿರುಗಿಸಿ, ಸಿಂಕನ್ನೂ ತೊಳೆದು, ತುಪ್ಪದ ಚಮಚವನ್ನು ಒರೆಸಿ ಅದರ ಜಾಗದಲ್ಲಿಟ್ಟಳು. ಮೆಟ್ಟಿಲಿಳಿಯುವಾಗ, “ಕಿಟಕಿ ತೆಕ್ಕೋ, ಸೆಖೆ ಆಗತ್ತೆ,” ಎಂದಳು. ಅವಳು ಹೋದ ಮೇಲೆ ನಾನು ಆ ಚಮಚವನ್ನು ಕುದಿಯುವ ನೀರಿಗೆ ಹಾಕಿದೆ. ಅದಾದ ಮೇಲೆ ನಾವು ಮಾತಾಡಿದ್ದು ಹಬ್ಬದ ಶುಭಾಶಯಗಳನ್ನಷ್ಟೇ. ಮತ್ತೆ ನಾನು ಅವಳನ್ನು ನೋಡಿದ್ದು ಐಸಿಯುವಿನ ಗಾಜಿನ ಆಚೆ.

ಹಾಗಾಗಿ ಪಕ್ಷಕ್ಕೆ ಒಂದು ವಾರವಿರುವಾಗ ಅಮ್ಮ ಉದ್ದಿನಬೇಳೆ ಆರಿಸುತ್ತಾ, “ಚಿಕ್ಕೋಳ್ಗೆ ಪಕ್ಕಕ್ಕೆ ಏನಿಡಾನ?” ಎಂದಾಗ ನನ್ನ ಬಾಯಿಂದ ತಟ್ಟನೆ ಬಂದದ್ದು ಅದೇ. ಅವಳು ಮಾಡುತ್ತಿದ್ದಳಲ್ಲ, ಮೂರು ಪದರದ ಡ್ರಿಂಕು, ಅದನ್ನು ನಾನೇ ಮಾಡಿ ಇಡುತ್ತೇನೆ ಎಂದೆ. ಎಡೆಯ ಮುಂದೆ ಅದನ್ನಿಟ್ಟು ಕೈಮುಗಿದರೆ ಆ ಭಾನುವಾರವನ್ನು ಅವಳು ಮನ್ನಿಸಿಯಾಳು ಎಂಬ ಆಸೆ. ಇಂಥದ್ದನ್ನೆಲ್ಲ ಮಕ್ಕಳಿಗೆ ಮೂಢನಂಬಿಕೆ ಎಂದು ಪಾಠ ಮಾಡುವವಳು ನಾನು.

ಅಮ್ಮನ ಕೈ ಮೊರದ ಮೇಲೆ ನಿಂತಿತು. “ಅವ್ಳು ಕುಡೀತಿದ್ಲೇನೇ?”

“ಅಂಥ ಕಡೆ ಕೆಲ್ಸ ಮಾಡೋರು ಕುಡೀದೆ ಇರ್ತಾರಾಮ್ಮ? ಕುಡೀತಿದ್ಲು. ಈಗೆಲ್ಲ ಅದು ತಪ್ಪಲ್ಲ,” ಎಂದೆ. ಟೀಚರ್ ದನಿಯಲ್ಲೇ ಹೇಳಿದೆ. ನಾನು ಆ ದನಿಯಲ್ಲಿ ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅಮ್ಮ ಮೊರದ ಬೇಳೆಯನ್ನು ಪಾತ್ರೆಗೆ ಸುರಿದುಕೊಂಡು, “ಅಂಗಾರೆ ಇಡು. ಅವ್ಳಿಗೆ ಬೇಕಾದ್ದು ಅವ್ಳಿಗೆ ಸೇರ್ಲಿ,” ಎಂದಳು.

ಬಾಟಲಿಗಳಿಗೆ ವೈಟ್‌ಫೀಲ್ಡಿನ ದೊಡ್ಡ ಅಂಗಡಿಗೇ ಹೋಗಬೇಕಾಯಿತು. ಹೆಲ್ಮೆಟ್ ತೆಗೆಯದೆ ಒಳಗೆ ಹೋದೆ. ಯಾರಾದರೂ ವಿದ್ಯಾರ್ಥಿಯ ತಂದೆ ಸಿಕ್ಕರೆ ಎಂಬ ಹೆದರಿಕೆ. ಒಳಗೆ ನೋಡಿದರೆ ನನ್ನ ವಯಸ್ಸಿನ ಹೆಂಗಸರು ತರಕಾರಿ ಆರಿಸಿದ ಹಾಗೆ ಬಾಟಲಿ ಆರಿಸುತ್ತಿದ್ದರು. ಯಾರೂ ನನ್ನನ್ನು ತಿರುಗಿಯೂ ನೋಡಲಿಲ್ಲ. ಈ ಊರಿಗೆ ಇಷ್ಟು ಸಲೀಸಾಗಿದ್ದ ವಿಷಯಕ್ಕೆ ನಾವು ನಾಲ್ಕು ವರ್ಷ ಮಗಳನ್ನು ದೂರವಿಟ್ಟೆವಲ್ಲ ಎನಿಸಿತು. ಅಂಗಡಿಯವನು ಮೂರೂ ಬಾಟಲಿಗಳನ್ನು ಕಾಗದದಲ್ಲಿ ಸುತ್ತುತ್ತಾ, “ಗಿಫ್ಟಾ ಮೇಡಂ?” ಎಂದ. “ಹೂಂ, ತಂಗಿಗೆ,” ಎಂದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ನಾನು ಬಾಟಲಿಗಳನ್ನು ಕಟ್ಟೆಯ ಮೇಲಿಟ್ಟು ನಿಂತಿದ್ದಾಗ ಅಪ್ಪ ಮೆಟ್ಟಿಲು ಹತ್ತಿ ಬಂದರು. ಅಮ್ಮ ಹೇಳಿರಬೇಕು. ಬೈಯುತ್ತಾರೆ ಎಂದುಕೊಂಡೆ. ಅವರ ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಪುಟ್ಟ ಲೋಟವಿತ್ತು. ತಂಗಿಯ ರೂಮು ಖಾಲಿ ಮಾಡಿಸಿದಾಗ ತಂದ ಸಾಮಾನಿನಲ್ಲಿದ್ದದ್ದು.

“ಅವ್ಳದ್ರಲ್ಲೇ ಮಾಡು. ನಾನು ಇಡ್ಕಂತೀನಿ,” ಎಂದರು.

ಯಾವುದರ ಮೇಲೆ ಯಾವುದು ಎಂದು ನನಗೆ ಗೊಂದಲ. ತಳಕ್ಕೆ ಕಾಫಿಯದು ಎಂಬುದು ನೆನಪಿತ್ತು. ಅಪ್ಪ ಲೇಔಟು ಬರುವವರೆಗೂ ಹಸು ಕಟ್ಟಿ, ಡೇರಿಗೆ ಹಾಲು ಹಾಕಿದವರು. “ಕೆನೆ ಅಂದ್ಮೇಲೆ ಮೇಲಕ್ಕೇ ಬರ್ಬೇಕು. ಇದ್ರಾಗೆ ಕೇಳದೇನೈತೆ?” ಎಂದರು. ನನಗೂ ಸರಿ ಎನಿಸಿತು. ಕಾಫಿಯದರ ಮೇಲೆ ಕಿತ್ತಳೆಯದನ್ನು ಬಿಟ್ಟು, ಕೊನೆಗೆ ಕೆನೆಯದನ್ನು ಬಿಟ್ಟೆವು. ಅದು ಮೇಲೆ ನಿಲ್ಲದೆ ಹೊಗೆಯಂತೆ ಕೆಳಗಿಳಿಯುತ್ತಾ ಹೋಗಿ, ಎಲ್ಲ ಕಲಸಿ ಕೆರೆಯ ನೀರಿನ ಬಣ್ಣವಾಯಿತು. ಅಪ್ಪ ಅದನ್ನು ನಂಬಲಾರದೆ ನೋಡಿದರು. ಹಸುವಿನ ಕೆನೆಯಲ್ಲ ಇದು, ಸಕ್ಕರೆ ಸೇರಿದ್ದು, ಅದಕ್ಕೆ ಭಾರ. ಅವಳು ಹೇಳಿದ್ದು ಆಗ ನೆನಪಾಯಿತು.

ಎರಡನೆಯ ಸಲ ಕ್ರಮ ಸರಿಯಿತ್ತು, ಕೈ ಸರಿಯಿರಲಿಲ್ಲ. ನಾನು ಸುರಿದುಬಿಟ್ಟೆ. ಮೂರನೆಯ ಸಲ ಅಪ್ಪ ಚಮಚ ಹಿಡಿದರು. ಮಲಗಿಸಬೇಕಂತೆ ಅಪ್ಪ, ಅವಳು ಹಾಗೆ ಹೇಳುತ್ತಿದ್ದಳು ಎಂದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ ಬಾಟಲಿಯನ್ನು ನಾನು ವಾಲಿಸಿದಷ್ಟೂ ಚಮಚವನ್ನು ಮೇಲೆತ್ತುತ್ತಾ ಹೋದರು. ಕಪ್ಪಿನ ಮೇಲೆ ಕೆನೆ ನಿಂತಿತು, ಕೆನೆಯ ಮೇಲೆ ಜೇನು ಬಣ್ಣ ನಿಂತಿತು. ಗೆರೆಗಳು ಅವಳ ಗೆರೆಗಳಷ್ಟು ನೆಟ್ಟಗಿರಲಿಲ್ಲ.

“ಇದು ಕಷ್ಟದ್ ಕೆಲ್ಸ ಕಣಮ್ಮ,” ಎಂದರು ಅಪ್ಪ. “ಯಾರ್ ಬೇಕಾದ್ರೂ ಮಾಡದಲ್ಲ ಇದು.”

ಕೇಳಬೇಕಾದವಳು ಇರಲಿಲ್ಲ. ನಾನು ಗೋಡೆಯ ಕಡೆ ತಿರುಗಿಕೊಂಡು ಅತ್ತೆ. ಅಪ್ಪ ಅಳಲಿಲ್ಲ, ಕಲಸಿಹೋದ ಎರಡು ಸಲದ್ದನ್ನೂ ಸಿಂಕಿಗೆ ಚೆಲ್ಲಲು ಬಿಡದೆ ಒಂದು ಬಟ್ಟಲಿಗೆ ಹಾಕಿಸಿ, ಹೊರಗೆ ತೆಂಗಿನ ಬುಡಕ್ಕೆ ಹಾಕಿ ಬಂದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನೆಂಟರು ಬಂದರು. ಅಪ್ಪನ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಫೋಟೋಗಳ ಮುಂದೆ ಬಗ್ಗಿ ಒಂದೊಂದೇ ಎಲೆಯನ್ನು ಪರೀಕ್ಷೆ ಮಾಡುತ್ತಾ ಬಂದವರು ತಂಗಿಯ ಎಲೆಯ ಮುಂದೆ ನಿಂತುಬಿಟ್ಟರು. ಹಸಿರು ಬಳೆ, ಮಲ್ಲಿಗೆ, ಹೊಸ ಚೂಡಿದಾರ್, ಪಕ್ಕದಲ್ಲಿ ಆ ಲೋಟ.

“ಏನ್ಲಾ ಇದು? ಮದ್ವೆ ಆಗ್ದಿರೋ ಎಣ್ಮಗ್ಳ ಎಡೇಗೆ ಎಂಡ ಇಡ್ತಾರಾ? ಕುಡೀತಿದ್ಲು ಅಂತ ಊರಿಗೆಲ್ಲ ಸಾರಕ್ಕಾ?”

ಅಪ್ಪ ಧೂಪದ ಬಟ್ಟಲನ್ನು ಕೆಳಗಿಟ್ಟು ಎದ್ದು ನಿಂತರು.

“ಊಂ, ಸಾರಕ್ಕೇ. ಬಾರಲ್ಲಿ ಕೆಲ್ಸ ಮಾಡ್ತಿದ್ಲು ನನ್ ಮಗ್ಳು. ಇದು ಅವ್ಳ ಕೈಯ ಕೆಲ್ಸ. ಕುಡೀತಿದ್ಲು. ನಾನೂ ಕುಡೀತೀನಿ, ನಮ್ಮಪ್ಪಾನೂ ಕುಡೀತಿದ್ದ. ಈಗೇನಾತು?”

ಅತ್ತೆ ಮುಖ ತಿರುಗಿಸಿದರು. ನನಗೆ ಮೈ ಜುಮ್ಮೆಂದಿತು. ನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಅಪ್ಪ ಎಲ್ಲರೆದುರು ತೆರೆದಿಟ್ಟಿದ್ದರು. ತಡವಾಯಿತು, ಆದರೂ ಆಯಿತು ಎಂದುಕೊಂಡೆ. ಬಾಗಿಲು ಮುಂದೆ ಮಾಡಿ ಜಗುಲಿಯಲ್ಲಿ ನಿಂತಾಗ ಒಳಗೆ ಅವಳು ಬಂದು ಲೋಟವನ್ನು ಬೆಳಕಿಗೆ ಹಿಡಿದು ನಮ್ಮ ಸೊಟ್ಟ ಗೆರೆಗಳಿಗೆ ನಗುತ್ತಿದ್ದಾಳೆ ಎಂದು ನಾನು ನಿಜವಾಗಿಯೂ ನಂಬಿದೆ. ಅವಳು ಹೋದಂದಿನಿಂದ ನನ್ನ ಎದೆ ಹಗುರಾದದ್ದು ಆ ಕೆಲವು ನಿಮಿಷ ಮಾತ್ರ.

ಬಾಗಿಲು ತೆರೆದು ಎಲ್ಲರೂ ಊಟಕ್ಕೆ ಕೂತ ಮೇಲೆ, ಮೆಟ್ರೋ ಇಳಿದು ಓಡೋಡಿ ಬಂದವಳು ತಂಗಿಯ ಗೆಳತಿ. ತಂಗಿಗೆ ಜ್ವರವೆಂದು ನಮಗೆ ಫೋನ್ ಮಾಡಿದ್ದವಳು, ಅದೇ ಕೌಂಟರಿನಲ್ಲಿ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದವಳು. ಅಮ್ಮನೇ ಅವಳನ್ನು ಕರೆದಿದ್ದಳು. ಫೋಟೋಗೆ ಕೈಮುಗಿದು, ಲೋಟವನ್ನು ಕಂಡು ಮಂಡಿಯೂರಿ ಕೂತಳು.

“ಅಯ್ಯೋ, ಲೇಯರ್ ಎಷ್ಟ್ ಚೆನ್ನಾಗಿ ಕೂತಿದೆ! ಯಾರ್ ಅಕ್ಕ ಮಾಡಿದ್ದು?”

“ಅಪ್ಪ,” ಎಂದೆ, ಹೆಮ್ಮೆಯಿಂದಲೇ. “ಅವಳಿಗೆ ಇಷ್ಟ ಅಂತ ಇಟ್ವಿ. ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನ ಇಡೋದು ಪದ್ಧತಿ.”

ಅವಳು ನನ್ನನ್ನೂ ಲೋಟವನ್ನೂ ನೋಡಿದಳು. “ಮಾಡೋದಕ್ಕೆ ಇಷ್ಟ, ಹೌದು. ಆದ್ರೆ ಅವ್ಳು ಕುಡೀತಿರ್ಲಿಲ್ವಲ್ಲ ಅಕ್ಕ.”

ಪಾಪ, ಅವಳಿಗೆ ಆ ಮನೆಯಲ್ಲಿ ಸ್ವಲ್ಪ ಮೊದಲು ಏನಾಗಿತ್ತು ಎಂದು ಗೊತ್ತಿರಲಿಲ್ಲ. ಗೆಳತಿಯನ್ನು ಹೊಗಳುತ್ತಿದ್ದೇನೆ ಎಂದುಕೊಂಡು ಮುಂದುವರಿಸಿದಳು.

“ಒಂದ್ ತೊಟ್ಟೂ ಇಲ್ಲ. ರುಚಿ ನೋಡ್ಬೇಕಂದ್ರೂ ಸ್ಟ್ರಾ ತುದೀಲಿ ನಾಲಿಗೆಗೆ ಮುಟ್ಟಿಸಿ ಉಗಿದು ಬಾಯಿ ಮುಕ್ಕಳಿಸ್ತಿದ್ಲು. ನಾವೆಲ್ಲ ರೇಗಿಸ್ತಿದ್ವಿ, ಸ್ವೀಟ್ ಅಂಗಡೀಲಿ ಡಯಾಬಿಟೀಸ್ ನಿಂದು ಅಂತ. ಹಟ ಅಂದ್ರೆ ಹಟ ಅವ್ಳಿಗೆ. ‘ನಮ್ಮಪ್ಪ ಒಂದಿನ ಕೇಳೇ ಕೇಳ್ತಾರೆ ಕಣೇ, ನೀನೂ ಕುಡೀತೀಯೇನಮ್ಮ ಅಂತ. ಅವತ್ತು ಅವ್ರ ಮುಖ ನೋಡ್ಕೊಂಡು ಇಲ್ಲ ಅನ್ಬೇಕು’ ಅಂತಿದ್ಲು.”

ಅಪ್ಪ ಎಲೆಯ ಮುಂದೆ ಕೂತಿದ್ದರು. ಮುದ್ದೆ ಮುರಿದ ಕೈ ಅಲ್ಲೇ ಉಳಿಯಿತು. ಕುಡೀತಿದ್ಲು ಎಂದು ಎಲ್ಲರೆದುರು ಸಾರಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಒಮ್ಮೆ ಇಟ್ಟ ಎಡೆಯನ್ನು ತೆಗೆಯುವ ಹಾಗಿಲ್ಲ. ಹಿರಿಯರು ಮುಟ್ಟಿದ್ದು ಎಂದು ಲೆಕ್ಕ. ಅವಳ ನಗುಮುಖದ ಫೋಟೋದ ಮುಂದೆ ಆ ಲೋಟ ಹಾಗೇ ಇತ್ತು, ಧೂಪದ ಹೊಗೆಯಲ್ಲಿ. ಅತ್ತೆ ಕೂಡ ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅಮ್ಮ ಬಡಿಸುವ ಸೌಟನ್ನು ಪಾತ್ರೆಗೆ ಬಿಟ್ಟು ನನ್ನ ಹತ್ತಿರ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ತಪ್ಪಿಹೋದದ್ದನ್ನು ಹುಡುಕುವವಳ ಹಾಗೆ ನನ್ನ ಮುಖವನ್ನೇ ನೋಡಿದಳು.

“ಅವ್ಳನ್ನ ಕೇಳಿದ್ಯೇನೇ ನೀನು, ಕುಡೀತೀಯಾ ಅಂತ?”

“ಇಲ್ಲಮ್ಮ,” ಎಂದೆ.